ಗೆದ್ದಲ ಸಾಲಿನಲ್ಲಿ ಸಿನಿಮಾ ಟೈಟಲ್: ನನ್ನ ಅನುಭವ

ಕೊನೆಗೂ ಆಯ್ತು. ಕರಿ ಶೀಟಿನ ಮೇಲೆ ಬಿಳಿ ಗೆದ್ದಲುಗಳು ಸಾಲಾಗಿ ನಡೆದು ನಮ್ಮ ಸಿನಿಮಾದ ಹೆಸರು ಮೂಡಿಸಿದವು. ಗ್ರಾಫಿಕ್ಸ್ ಒಂದು ಚೂರೂ ಇಲ್ಲ. "ಹುಳ ಏನ್ ನಿನ್ನ ಮಾತು ಕೇಳ್ತಾವೇನಪ್ಪಾ?" ಅಂದಿದ್ದ ನಿರ್ಮಾಪಕರೇ ಈಗ ಆ ಶಾಟನ್ನು ಗಂಗಾವತಿ ತುಂಬಾ ತೋರಿಸಿಕೊಂಡು ಓಡಾಡುತ್ತಿದ್ದಾರೆ.

ಇದನ್ನೇ ಸಿಜಿಯಲ್ಲಿ, ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಲು ಬೆಂಗಳೂರಿನಲ್ಲಿ 2 ಲಕ್ಷದ ಹತ್ತಿರ ಕೇಳಿದ್ದರು. ನನಗೆ ಎಲ್ಲ ಸೇರಿ 40 ಸಾವಿರದ ಆಸುಪಾಸು ಬಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮ್ಯಾಕ್ರೊ ಲೆನ್ಸ್ (ಸಣ್ಣ ಹುಳವನ್ನೂ ಹತ್ತಿರದಿಂದ ದೊಡ್ಡದಾಗಿ ಹಿಡಿಯುವಂಥದ್ದು) ಮತ್ತು ಲೈಟಿನ ಬಾಡಿಗೆಯೇ.

ಮೊದಲು ಇರುವೆ ನೋಡಿದೆ. ಬೆಲ್ಲದ ನೀರಿನಲ್ಲಿ ಅಕ್ಷರ ಬರೆದೆ. ಬಂದವು, ಆದರೆ ನಡೆಯಲಿಲ್ಲ. ಸಿಕ್ಕಲ್ಲೇ ಮುತ್ತಿಕೊಂಡು ತಿನ್ನುತ್ತ ಕೂತವು. ಅಕ್ಷರ ಹೋಗಿ ಬರೀ ಕಪ್ಪು ಮುದ್ದೆ.

ಆಮೇಲೆ ಗೆದ್ದಲು. ಕೆಲಸಗಾರ ಹುಳಗಳಿಗೆ ಕಣ್ಣು ಕಾಣಲ್ಲ, ವಾಸನೆ ಹಿಡಿದೇ ನಡೆಯುತ್ತವೆ. ಕೆಲವು ಬಾಲ್‌ಪೆನ್ ಇಂಕಿನಲ್ಲಿರುವ 2-ಫಿನಾಕ್ಸಿಎಥನಾಲ್ ಎಂಬ ರಾಸಾಯನಿಕ ಅವಕ್ಕೆ ತಮ್ಮವೇ ಹುಳಗಳು ಬಿಟ್ಟುಹೋದ ದಾರಿಯ ವಾಸನೆಯ ಹಾಗೆ. ಅದಕ್ಕೇ ಅಂಥ ಪೆನ್ನಿನಲ್ಲಿ ಗೆರೆ ಎಳೆದರೆ ಅದರ ಮೇಲೇ ನಡೆಯುತ್ತವೆ. ಆದರೆ ಅಂಗಡಿಯಿಂದ ತಂದ ಪೆನ್ನುಗಳಲ್ಲಿ ಬಹುಪಾಲು ಕೆಲಸಕ್ಕೆ ಬರಲಿಲ್ಲ. ಜೆಲ್ ಪೆನ್ನಂತೂ ದಂಡ. ಒಂದೇ ಒಂದು ನೀಲಿ ಪೆನ್ನಿಗೆ ಹುಳ ಒಲಿದವು. ಯಾವುದು ಅಂತ ಕೇಳಬೇಡಿ, ಮುಂದಿನ ಸಿನಿಮಾಗೆ ಬೇಕು.

ಹೊಲದ ಬದುವಿನ ಹುತ್ತ ಅಗೆಯಲು ಯಾರೂ ಬಿಡಲಿಲ್ಲ. ನಾಗಪ್ಪನ ಜಾಗ, ಅವರು ಹೇಳಿದ್ದು ಸರಿಯೇ. ಪಕ್ಕದಲ್ಲಿ ಒದ್ದೆ ಜೋಳದ ಕಣಿಕೆ ತುಂಬಿದ ಗಡಿಗೆ ಬೋರಲು ಹಾಕಿದೆ. ಗೆದ್ದಲು ಹತ್ತಿದವು, ಪೆನ್ನಿನ ಗೆರೆಗೆ ಮಾತ್ರ ಸೊಪ್ಪು ಹಾಕಲಿಲ್ಲ. ಕೈ ಹಿಡಿದದ್ದು ಹಳೇ ಅಕ್ಕಿ ಗಿರಣಿಯ ತೇವ ಹಿಡಿದ ಬಾಗಿಲ ಚೌಕಟ್ಟಿನ ಹುಳಗಳು.

ನಮ್ಮ ಅಕ್ಷರಗಳ ದುಂಡು ತಿರುವು ಅವಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚೂಪು ಮೂಲೆ ಬಂದರೆ ಗೆರೆ ದಾಟಿ ಹೋಗಿ, ನಿಂತು, ಮೀಸೆ ಆಡಿಸುತ್ತ ಹುಡುಕುತ್ತವೆ. 'ಠ' ಬರೆದು ನೋಡಿ, ಸುಮ್ನೆ ಸುತ್ತುತ್ತಲೇ ಇರುತ್ತವೆ. ಒತ್ತಕ್ಷರವೇ ತಲೆನೋವು, ಮೇಲಿನ ಅಕ್ಷರಕ್ಕೆ ಅಂಟಿರಲ್ಲ ಅಲ್ವಾ? ನಡುವೆ ಕೂದಲೆಳೆಯಷ್ಟು ಗೆರೆ ಎಳೆದು ಜೋಡಿಸಿದೆ. ಕರಿ ಶೀಟಿನಲ್ಲಿ ನೀಲಿ ಗೆರೆ ಕಾಣಲ್ಲ. ಪಕ್ಕದಿಂದ, ತೀರ ಕೆಳಗೆ ಒಂದೇ ಲೈಟ್ ಇಟ್ಟರೆ ಹುಳದ ಮೈ ಮಾತ್ರ ಹೊಳೆಯುತ್ತದೆ.

ಸ್ಲೋ ಮೋಷನ್‌ಗೆ ಕ್ಯಾಮೆರಾವನ್ನು ಸೆಕೆಂಡಿಗೆ 120 ಫ್ರೇಮಿಗೆ ಏರಿಸಿದಾಗ ಬಾಡಿಗೆ ಲೈಟ್ ಪ್ಯಾನೆಲ್ ಮಿಣಮಿಣ ಶುರು ಮಾಡಿತು. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಅದರ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, 120 ಫ್ರೇಮಿಗೆ ತಾಳೆ ಆಗಲ್ಲ. ಆ ರಾತ್ರಿಯ ನಾಲ್ಕೈದು ಸಾವಿರ ನೀರುಪಾಲು. ಆಮೇಲೆ ಬ್ಯಾಟರಿ ಲೈಟೇ ಗತಿ.

ಏಪ್ರಿಲ್ ಸೆಕೆ ಬೇರೆ. ಒಣಗಾಳಿಗೆ ಗೆದ್ದಲು ತಡೆಯಲ್ಲ. ನಡುರಾತ್ರಿ ಶೂಟಿಂಗ್, ಟೇಕ್ ನಡುವೆ ನೀರಿನ ಕೂಲರ್, ಒಂದು ಗುಂಪಿಗೆ ಐದಾರು ನಿಮಿಷ ಅಷ್ಟೇ. ಶೀಟಿಗೆ ತೇವ ಕೊಡುವ ರೀತಿಯೊಂದಿದೆ, ಅದು ನನ್ನಲ್ಲೇ ಇರಲಿ.

ಭತ್ತ ತೆನೆ ಬಿಡುವಾಗ ನಮ್ಮೂರ ಬೀದಿ ದೀಪಕ್ಕೆ ಜಿಗಿಹುಳ ಮುತ್ತುತ್ತವಲ್ಲ, ಹಿಂದಿನ ಮುಂಗಾರು ಬೆಳೆಯಲ್ಲಿ ಅದನ್ನೂ ಶೂಟ್ ಮಾಡಿಟ್ಟಿದ್ದೆ. ಫೋಕಸ್ ತಪ್ಪಿಸಿದರೆ ಬೂದಿ ಉದುರಿದ ಹಾಗೆ ಕಾಣುತ್ತದೆ. ಕಲಾವಿದರ ಹೆಸರುಗಳ ಹಿಂದೆ ಅದೇ ಓಡುತ್ತದೆ.

ಅನುಮತಿ ವಿಷಯ ಮರೆಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ನಾವು ಶೂಟಿಂಗ್‌ಗೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಿದೆವು. ಹುಳಗಳನ್ನು ತಂದ ಚೌಕಟ್ಟಿಗೇ ವಾಪಸ್ ಬಿಡುತ್ತೇವೆ ಅಂತ ಬರೆದುಕೊಟ್ಟೆವು, ಹಾಗೇ ಬಿಟ್ಟೆವು.