ಮಗುವಿನ ಆಟಿಕೆಯಲ್ಲಿ ಸೀಸ: ಕೊಳ್ಳುವ ಮುನ್ನ ನೋಡಬೇಕಾದದ್ದು

2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆ ನಮ್ಮಲ್ಲೇ ತಯಾರಾಗಿರಲಿ, ಹೊರದೇಶದಿಂದ ಬಂದಿರಲಿ, ಐಎಸ್‌ಐ ಗುರುತಿಲ್ಲದೆ ಅದನ್ನು ಭಾರತದಲ್ಲಿ ಮಾರುವಂತಿಲ್ಲ. ಎಳೆಯ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಹೊಟ್ಟೆ ಸೇರಿದ ಸೀಸವನ್ನು ಅವರ ದೇಹ ದೊಡ್ಡವರಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಅದರಿಂದ ಹಾನಿಯಾಗುತ್ತದೆ. ಆದ್ದರಿಂದ ಆಟಿಕೆಗಳ ಸುರಕ್ಷತೆಗಾಗಿರುವ ಭಾರತೀಯ ಮಾನಕ ಐಎಸ್ 9873ರ ಮೂರನೆಯ ಭಾಗವು ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಸೇರಿದಂತೆ ಎಂಟು ಧಾತುಗಳಿಗೆ ಮಿತಿ ಹಾಕಿದೆ. ಆಟಿಕೆಯ ಬಣ್ಣವನ್ನು ಕೆರೆದು, ಜಠರರಸವನ್ನು ಹೋಲುವ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 37 ಡಿಗ್ರಿ ಶಾಖದಲ್ಲಿ ಎರಡು ಗಂಟೆ ಇಟ್ಟು, ಅದರಿಂದ ಬಿಟ್ಟುಕೊಂಡ ಲೋಹವನ್ನು ಅಳೆಯುತ್ತಾರೆ. ಬಣ್ಣದ ಲೇಪದಿಂದ ಹೀಗೆ ಹೊರಬರುವ ಸೀಸ ಕಿಲೋಗ್ರಾಂಗೆ 90 ಮಿಲಿಗ್ರಾಂ ಮೀರಬಾರದು.

ಅಂಗಡಿಯಲ್ಲಿ ಮೊದಲು ಡಬ್ಬಿಯ ಮೇಲಿನ ಐಎಸ್‌ಐ ಗುರುತನ್ನು ಹುಡುಕಿ. ಅದರ ಮೇಲ್ಭಾಗದಲ್ಲಿ ಐಎಸ್ ಸಂಖ್ಯೆಯೂ, ಕೆಳಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ, ನೋಡಬೇಕಾದದ್ದು ಈ ಸಂಖ್ಯೆಯನ್ನೇ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ನಮೂದಿಸಿದರೆ ತಯಾರಕರ ವಿವರ ಮತ್ತು ಪರವಾನಗಿಯ ಸ್ಥಿತಿ ತಿಳಿಯುತ್ತದೆ. ಡಬ್ಬಿಯ ಮೇಲಿರುವ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಆಟಿಕೆಯನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. ಅಂಗಡಿಯವರು ಯುರೋಪಿನ ‘ಸಿಇ’ ಗುರುತನ್ನು ತೋರಿಸಿ ಸಮಾಧಾನ ಹೇಳಬಹುದು, ಆದರೆ ಇಲ್ಲಿನ ಕಾನೂನಿಗೆ ಅದು ಸಾಲದು.

ಚನ್ನಪಟ್ಟಣದ ಬೊಂಬೆಯ ಮೇಲೆ ಐಎಸ್‌ಐ ಗುರುತಿಲ್ಲವೆಂದು ಗಾಬರಿಯಾಗಬೇಕಿಲ್ಲ. ಭೌಗೋಳಿಕ ಸೂಚಕ (ಒಂದು ಊರಿನ ವಿಶೇಷ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆ) ಪಡೆದ ಇಂಥ ಆಟಿಕೆಗಳನ್ನು ಅದರ ಅಧಿಕೃತ ಬಳಕೆದಾರರು ತಯಾರಿಸಿ ಮಾರಿದಾಗಲೂ, ನೋಂದಾಯಿತ ಕುಶಲಕರ್ಮಿಗಳು ತಾವು ಮಾಡಿದ್ದನ್ನು ಮಾರಿದಾಗಲೂ ಈ ಆದೇಶದಿಂದ ವಿನಾಯಿತಿ ಇದೆ. ಆದರೆ ವಿನಾಯಿತಿ ಎಂದರೆ ಪರೀಕ್ಷೆಯಾಗಿದೆ ಎಂದರ್ಥವಲ್ಲ. ಹಾಲೆ ಮರಕ್ಕೆ ಅರಗಿನೊಡನೆ ಸಸ್ಯಜನ್ಯ ಬಣ್ಣ ಹಚ್ಚಿದ್ದಾರೆಯೇ, ರಾಸಾಯನಿಕ ಬಣ್ಣವೇ ಎಂದು ಕೇಳಿಯೇ ಕೊಳ್ಳಿ, ಏಕೆಂದರೆ ಹೆದ್ದಾರಿ ಬದಿಯಲ್ಲಿ ಆ ಹೆಸರಿನಲ್ಲಿ ಮಾರುವುದೆಲ್ಲ ಚನ್ನಪಟ್ಟಣದ್ದೇ ಆಗಿರುವುದಿಲ್ಲ.

ಹಳೆಯ ತೊಟ್ಟಿಲಿಗೋ ಮರದ ಕುದುರೆಗೋ ಬಣ್ಣ ಹಚ್ಚಿಸುವವರು ಡಬ್ಬಿಯನ್ನೂ ಓದಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿ ಅಟ್ಟದ ಮೇಲಿದ್ದರೆ ಬಳಸಬೇಡಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದಂತೂ ಕೂಡದು.

ಗುರುತಿಲ್ಲದ ಆಟಿಕೆ ಮಾರಾಟಕ್ಕಿದ್ದರೆ ಅದೇ ಆ್ಯಪ್‌ನಲ್ಲಿ ದೂರು ನೀಡಬಹುದು, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು, ಡಬ್ಬಿ ಮತ್ತು ಗುರುತಿನ ಫೋಟೋ ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ.