ಕಾಫಿ ತೋಟದಲ್ಲಿ ಮೂರು ದಿನದ ಮದುವೆ: ಸಿದ್ಧತೆ ಮಾಡುವವರಿಗೆ

ಹಲವು ದಿನ ನಡೆಯುವ ಮದುವೆ ನಮಗೆ ಹೊಸದಲ್ಲ. ಅಂಗಳದಲ್ಲಿ ಚಪ್ಪರ ಹಾಕಿ, ನೆರೆಮನೆಗಳ ಜಗಲಿಯಲ್ಲಿ ನೆಂಟರನ್ನು ಮಲಗಿಸಿ, ಊರವರೇ ಕೂತು ತರಕಾರಿ ಹೆಚ್ಚಿಕೊಟ್ಟು ನಡೆಸುತ್ತಿದ್ದ ಐದು ದಿನದ ಮದುವೆಗಳು ಛತ್ರಗಳು ಬಂದ ಮೇಲೆ ಒಂದೂವರೆ ದಿನಕ್ಕೆ ಇಳಿದವು. ಡೆಸ್ಟಿನೇಶನ್ ವೆಡ್ಡಿಂಗ್ ಎಂಬ ಹೆಸರಿನಲ್ಲಿ ಈಗ ಮರಳಿ ಬಂದಿರುವುದು ಬಹುಮಟ್ಟಿಗೆ ಅದೇ ದೀರ್ಘ ಮದುವೆ. ಆದರೆ ಆ ಊರು ನಮ್ಮದಲ್ಲ, ಅಲ್ಲಿ ನಮಗಾಗಿ ಬಾಗಿಲು ತೆರೆಯುವ ನೆರೆಯವರೂ ಇರುವುದಿಲ್ಲ. ಛತ್ರಕ್ಕೆ ಬಂದವರು ಊಟ ಮಾಡಿ ತಾಂಬೂಲ ಹಿಡಿದು ಮನೆಗೆ ಹೋಗುತ್ತಾರೆ. ದೂರದ ಊರಿಗೆ ಕರೆಸಿಕೊಂಡವರ ವಿಷಯದಲ್ಲಿ ಸ್ನಾನದ ಬಿಸಿನೀರಿನಿಂದ ಹಿಡಿದು ರಾತ್ರಿಯ ಹೊದಿಕೆಯವರೆಗೆ ಎಲ್ಲವೂ ಕರೆದವರ ಹೊಣೆ. ಆದ್ದರಿಂದ ಸಿದ್ಧತೆಯನ್ನು ಈ ಹೊಣೆಯಿಂದಲೇ ಆರಂಭಿಸಬೇಕು, ಅಲಂಕಾರ ಆಮೇಲಿನ ಮಾತು. ಬೆಂಗಳೂರಿನ ಕುಟುಂಬವೊಂದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಸುಮಾರು 120 ನೆಂಟರೊಂದಿಗೆ ಮೂರು ದಿನದ ಮದುವೆ ಮಾಡುವುದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ದಿನ. ಪುರೋಹಿತರು ಪಂಚಾಂಗ ನೋಡಿ ಮುಹೂರ್ತ ಹೇಳುವುದಕ್ಕೆ ಮುಂಚೆ ತೋಟದ ಪಂಚಾಂಗವನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆಗೆ ಯಾವ ಶಾಮಿಯಾನವೂ ತಡೆಯಲಾರದು. 2024ರ ಜುಲೈನಲ್ಲಿ ಮಂಗಳೂರು ರೈಲುಮಾರ್ಗದ ಎಡಕುಮೇರಿಯ ಬಳಿ ಗುಡ್ಡ ಕುಸಿದು ರೈಲುಗಳು ನಿಂತದ್ದನ್ನು, ಶಿರಾಡಿ ಘಾಟಿಯಲ್ಲೂ ಸಂಚಾರ ಕಡಿದದ್ದನ್ನು ಮಂಗಳೂರಿನ ನೆಂಟರಿರುವವರು ಮರೆತಿರಲಾರರು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ನೀವು ಚಪ್ಪರ ಹಾಕಬೇಕೆಂದು ಕನಸು ಕಂಡ ಆ ವಿಶಾಲ ಕಣದಲ್ಲಿ ಆಗ ಕಾಫಿ ಒಣಗುತ್ತಿರುತ್ತದೆ, ತೋಟದ ಆಳುಗಳಲ್ಲಿ ಒಬ್ಬರೂ ಬಿಡುವಾಗಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಹೇಗೂ ಮದುವೆಗಳಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿಯೇ ಹೆಚ್ಚು ಅನುಕೂಲ. ಕಾಫಿ ಗಿಡ ಹೂ ಬಿಡಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿದರೆ ಅದು ನಿಮ್ಮ ಅದೃಷ್ಟ, ಅದನ್ನು ನಂಬಿ ತಾರೀಖು ಇಡಲಾಗದು. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದು ಸಾಮಾನ್ಯವಾದ್ದರಿಂದ ಸಂಜೆಯ ಕಾರ್ಯಕ್ರಮಕ್ಕೆ ತಗಡಿನ ಸೂರಿರುವ ಗೋದಾಮನ್ನಾದರೂ ಖಾಲಿ ಇಡಿಸಿಕೊಳ್ಳಿ.

ಕೋಣೆಗಳ ಲೆಕ್ಕ ಎರಡನೆಯದು. ಕೋಣೆಗೆ ಮೂವರಂತೆ ಹಿಡಿದರೂ 120 ಜನರಿಗೆ 40 ಕೋಣೆ ಬೇಕು. ಹೋಂಸ್ಟೇಗಳಲ್ಲಿ ಇರುವುದೇ ಐದಾರು ಕೋಣೆ, ಅಂದರೆ ಏಳೆಂಟು ಮನೆಗಳನ್ನು ಹಿಡಿಯಬೇಕಾಗುತ್ತದೆ. ನಕ್ಷೆಯಲ್ಲಿ ಅವು ಹತ್ತಿರ ಕಂಡರೂ ತೋಟದ ದಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಅಜ್ಜ-ಅಜ್ಜಿಯರು, ಬಾಣಂತಿಯರು, ಮಂಡಿನೋವಿನವರು ಚಪ್ಪರವಿರುವ ಮನೆಯಲ್ಲೇ ನೆಲಮಹಡಿಯಲ್ಲಿರಲಿ, ಗೆಳೆಯರ ಬಳಗವನ್ನು ದೂರದ ಮನೆಗೆ ಕಳಿಸಿ. ಮುಹೂರ್ತ ಬೆಳಗಿನದಾದರೆ ನಸುಕಿನ ಐದು ಗಂಟೆಗೆ ಎಲ್ಲರೂ ಒಟ್ಟಿಗೆ ಸ್ನಾನಕ್ಕೆ ಇಳಿಯುತ್ತಾರೆಂಬುದನ್ನು ನೆನಪಿಡಿ. ಸೋಲಾರ್ ನೀರು ಮೊದಲ ಹತ್ತು ಜನಕ್ಕೆ ಮುಗಿದುಹೋಗುತ್ತದೆ. ಪ್ರತಿ ಮನೆಯಲ್ಲೂ ಸೌದೆ ಒಲೆಯ ಹಂಡೆ ಇದೆಯೇ, ಅದಕ್ಕೆ ರಾತ್ರಿಯೇ ಬೆಂಕಿ ಹಾಕುವವರು ಯಾರು ಎಂಬುದನ್ನು ಸ್ವತಃ ಹೋಗಿ ವಿಚಾರಿಸದೆ ಮುಂಗಡ ಕೊಡಬಾರದು. ಅದೇ ಭೇಟಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ, ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಹೆದ್ದಾರಿಯವರೆಗೆ ದೊಡ್ಡ ಬಸ್ಸು ಬರುತ್ತದೆ, ತೋಟದ ತಿರುವುಗಳಿಗೆ ಬರುವುದಿಲ್ಲ. ಆದ್ದರಿಂದ ಪಟ್ಟಣದಿಂದ ಮುಂದಕ್ಕೆ ಟೆಂಪೋ ಟ್ರಾವೆಲರ್‌ಗಳನ್ನೋ ಜೀಪುಗಳನ್ನೋ ಸ್ಥಳೀಯವಾಗಿಯೇ ಗೊತ್ತುಮಾಡಬೇಕು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟವಿದೆ. ಕತ್ತಲಾದ ಮೇಲೆ ಒಂದು ಹೋಂಸ್ಟೇಯಿಂದ ಇನ್ನೊಂದಕ್ಕೆ ನಡೆದು ಹೋಗುವುದು, ನಸುಕಿನಲ್ಲಿ ತೋಟದೊಳಗೆ ಫೋಟೋಗೆಂದು ಅಲೆಯುವುದು, ಪಟಾಕಿ ಹಚ್ಚುವುದು ಇವನ್ನೆಲ್ಲ ಮೊದಲೇ ನಿಷೇಧಿಸಿ, ಆನೆ ಎಲ್ಲಿದೆಯೆಂದು ತೋಟದವರು ಹೇಳಿದ ಮಾತಿಗೆ ಎದುರಾಡದಿರಿ. ಉಳಿದ ಊಟವನ್ನೂ ಹಲಸಿನ ಹಣ್ಣಿನ ಸಿಪ್ಪೆಯನ್ನೂ ಚಪ್ಪರದ ಹಿಂದೆ ಸುರಿದರೆ ಅದು ಪ್ರಾಣಿಗಳಿಗೆ ನೀವೇ ಕೊಟ್ಟ ಕರೆಯೋಲೆ.

ಇನ್ನು ಶಾಸ್ತ್ರಗಳ ಹಂಚಿಕೆ. ಮೂರು ದಿನವಿದೆಯೆಂದು ಹೊತ್ತಿಗೊಂದು ಕಾರ್ಯಕ್ರಮ, ಕಾರ್ಯಕ್ರಮಕ್ಕೊಂದು ಬಣ್ಣದ ಉಡುಪು ಎಂದು ತುಂಬಿಸುವುದು ಇಂಥ ಮದುವೆಗಳಲ್ಲಿ ನಾನು ಕಂಡ ದೊಡ್ಡ ತಪ್ಪು; ಎರಡನೆಯ ಸಂಜೆಯ ಹೊತ್ತಿಗೆ ಮದುಮಗಳ ಮುಖದಲ್ಲಿ ನಗು ಉಳಿದಿರುವುದಿಲ್ಲ. ದೇವರ ಸಮಾರಾಧನೆ ಮತ್ತು ನಾಂದಿಯನ್ನು ಊರಿನ ಮನೆಯಲ್ಲೇ ಮುಗಿಸಿ ಹೊರಡುವುದು ನನ್ನ ಸಲಹೆ. ಮನೆದೇವರ ಮುಂದೆ ನಡೆಯಬೇಕಾದ್ದು ಮನೆಯಲ್ಲೇ ನಡೆದಂತಾಗುತ್ತದೆ, ಪ್ರಯಾಣ ಮಾಡಲಾಗದ ಹಿರಿಯರಿಗೂ ಮದುವೆಯಲ್ಲಿ ಒಂದು ಪಾಲು ಸಿಗುತ್ತದೆ. ಮೊದಲ ದಿನ ಮಧ್ಯಾಹ್ನ ಮೂರರೊಳಗೆ ಎಲ್ಲರೂ ತೋಟ ಸೇರಲಿ, ಸಂಜೆ ಬೀಗರನ್ನು ಎದುರುಗೊಂಡು ವರಪೂಜೆ, ಹೆಂಗಸರಿಗೆ ಮದರಂಗಿ ಮತ್ತು ಬಳೆ ಶಾಸ್ತ್ರ, ಬೇಗ ಊಟ. ಅಷ್ಟು ಸಾಕು.

ಮುಹೂರ್ತವನ್ನು ಎರಡನೆಯ ದಿನಕ್ಕೇ ಇಡಿ. ಕೊನೆಯ ದಿನಕ್ಕೆ ಇಟ್ಟರೆ ಧಾರೆಯ ಹೊತ್ತಿಗೆ ಅರ್ಧ ಜನ ಪೆಟ್ಟಿಗೆ ಕಟ್ಟುತ್ತಿರುತ್ತಾರೆ. ಕಾಶಿಯಾತ್ರೆಗೆ ಛತ್ರದ ಕಾರಿಡಾರಿಗಿಂತ ತೋಟದ ದಾರಿ ಎಷ್ಟೋ ವಾಸಿ: ಕೊಡೆ, ಕೋಲು, ಪಾದುಕೆ ಹಿಡಿದ ವರ ನಿಜವಾಗಿಯೂ ಕಾಡಿಗೆ ಹೊರಟಂತೆಯೇ ಕಾಣುತ್ತಾನೆ, ಮಾವನವರು ನಿಜವಾಗಿಯೂ ಒಂದಷ್ಟು ದೂರ ನಡೆದು ಕರೆತರಬೇಕಾಗುತ್ತದೆ. ಅಂತರಪಟ, ಜೀರಿಗೆ-ಬೆಲ್ಲ, ಮಾಂಗಲ್ಯಧಾರಣೆ, ಲಾಜಹೋಮ, ಸಪ್ತಪದಿಗಳನ್ನು ಪೂರ್ತಿ ಬಿಡುವಿನಲ್ಲಿ ಮಾಡಿಸಿ. ಛತ್ರದಲ್ಲಾದರೆ ಮುಂದಿನ ಪಾರ್ಟಿಯವರು ಕಾಯುತ್ತಿರುತ್ತಾರೆ, ಇಲ್ಲಿ ಆ ಅವಸರವಿಲ್ಲ. ಹೋಮಕುಂಡ ಗಾಳಿಗೆ ಮರೆಯಾಗಿರಲಿ, ಒಣಗಿದ ಸೋಗೆಯ ಚಪ್ಪರಕ್ಕೆ ದೂರವಾಗಿರಲಿ. ಊಟದ ನಂತರ ಸಂಜೆ ಆರರವರೆಗೆ ಏನನ್ನೂ ಇಡಬೇಡಿ. ಈ ಖಾಲಿ ಹೊತ್ತಿನಲ್ಲೇ ವರುಷಗಟ್ಟಲೆ ಮಾತುಬಿಟ್ಟ ದಾಯಾದಿಗಳು ಒಂದೇ ಜಗಲಿಯಲ್ಲಿ ಕಾಫಿ ಕುಡಿಯುವುದು. ರಾತ್ರಿಯ ಆರತಕ್ಷತೆಯಲ್ಲಿ ಧ್ವನಿವರ್ಧಕವನ್ನು ಹತ್ತಕ್ಕೆ ನಿಲ್ಲಿಸಬೇಕು, ಅದು ಕಾನೂನು. ಮದ್ಯ ಹಂಚುವುದಿದ್ದರೆ ಅಬಕಾರಿ ಇಲಾಖೆಯ ಪರವಾನಗಿಯನ್ನು ಮುಂಚೆಯೇ ಪಡೆದಿರಬೇಕು.

ಪುರೋಹಿತರನ್ನು ನಿಮ್ಮ ಊರಿನಿಂದಲೇ ಕರೆದೊಯ್ಯುವುದು ಕ್ಷೇಮ, ಏಕೆಂದರೆ ಒಂದೊಂದು ಮನೆತನದ ಕ್ರಮ ಒಂದೊಂದು. ದರ್ಭೆ, ಸಮಿತ್ತು, ಬಾಸಿಂಗ, ಅಂತರಪಟ, ಅರಳು, ಹಸೆಮಣೆಗಳನ್ನು ಪಟ್ಟಿ ಹಿಡಿದು ಎರಡು ಸಲ ಎಣಿಸಿ ಗಾಡಿಗೆ ಹಾಕಿಸಿ. ಮರೆತ ಬಾಸಿಂಗಕ್ಕೆ ಮುಹೂರ್ತದ ದಿನ ಹಾಸನದವರೆಗೆ ಓಡುವುದು 40 ಕಿಲೋಮೀಟರ್‌ಗಳ ದಂಡ. ಬಾಳೆಕಂಬ, ಮಾವಿನ ಸೊಪ್ಪು, ಅಡಿಕೆಯ ಹೊಂಬಾಳೆ, ಸೋಗೆ ಮಾತ್ರ ಅಲ್ಲಿಯೇ ಧಾರಾಳವಾಗಿ ಸಿಗುತ್ತವೆ. ಅಷ್ಟು ಹಸಿರಿನ ನಡುವೆ ಬೆಂಗಳೂರಿನಿಂದ ಪ್ಲಾಸ್ಟಿಕ್ ಹೂವಿನ ಗೋಡೆಯನ್ನು ಹೊತ್ತು ತರುವವರನ್ನು ನಾನು ಈವರೆಗೂ ಅರ್ಥಮಾಡಿಕೊಂಡಿಲ್ಲ.

ಅಡುಗೆಗೆ ಇಬ್ಬರು ಬೇಕು: ಧಾರೆಯ ಊಟಕ್ಕೆ ನಿಮ್ಮ ರುಚಿ ಬಲ್ಲ ಅಡುಗೆಭಟ್ಟರು, ಉಳಿದ ಹೊತ್ತಿಗೆ ಸ್ಥಳೀಯರು. ಮೂರು ದಿನಕ್ಕೆ ತಿಂಡಿ-ಊಟ ಸೇರಿ ಏಳೆಂಟು ಪಂಕ್ತಿಗಳಾಗುತ್ತವೆ. ಪ್ರತಿಯೊಂದರಲ್ಲೂ ಹೋಳಿಗೆ, ಪಾಯಸ ಬಡಿಸಿದರೆ ಎಲೆಯಲ್ಲೇ ಉಳಿಯುತ್ತದೆ. ಬೆಳಗ್ಗೆ ಅಕ್ಕಿರೊಟ್ಟಿ ಚಟ್ನಿ, ಇನ್ನೊಂದು ದಿನ ಕಡುಬು, ಪ್ರಯಾಣದ ರಾತ್ರಿ ತಿಳಿಸಾರು ಅನ್ನ ಮಜ್ಜಿಗೆ ಇಟ್ಟುನೋಡಿ, ಜನ ಮದುವೆಯೂಟಕ್ಕಿಂತ ಅದನ್ನೇ ನೆನೆಯುತ್ತಾರೆ. ಮಾಂಸಾಹಾರದ ಮನೆತನವಾದರೆ ಬೀಗರೂಟ ಮೂರನೆಯ ದಿನದ ಮಧ್ಯಾಹ್ನಕ್ಕೆ ಚೆನ್ನಾಗಿ ಹೊಂದುತ್ತದೆ. ಚಾಲಕರು, ವಾಲಗದವರು, ಫೋಟೋದವರು ಮೊದಲ ಪಂಕ್ತಿಗಳಲ್ಲೇ ಉಣ್ಣಲಿ, ಅವರಿಗೂ ಮಲಗುವ ಜಾಗ ಗೊತ್ತಾಗಿರಲಿ. ನಿದ್ದೆಗೆಟ್ಟ ಚಾಲಕನ ಕೈಯಲ್ಲಿ ಘಾಟಿ ರಸ್ತೆಯನ್ನು ಒಪ್ಪಿಸಬಾರದು.

ಆಹ್ವಾನದಲ್ಲಿ ಸಂಕೋಚ ಬೇಡ. ಪ್ರಯಾಣದ ಖರ್ಚು ಯಾರದು, ಕೋಣೆ ಎಷ್ಟು ದಿನಕ್ಕೆ, ಎಷ್ಟು ಜನ ಬರುತ್ತಾರೆಂದು ಎಂದಿನೊಳಗೆ ತಿಳಿಸಬೇಕು ಎಂಬುದನ್ನು ಲಗ್ನಪತ್ರಿಕೆಯ ಜೊತೆ ಪ್ರತ್ಯೇಕ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಕರೆಯಲಾಗದ ನೂರಾರು ಮಂದಿಗಾಗಿ ಊರಿಗೆ ಮರಳಿದ ಮೇಲೆ ಒಂದು ಸಂಜೆಯ ಆರತಕ್ಷತೆ ಇಟ್ಟುಕೊಂಡರೆ ಮನಸ್ತಾಪ ಬಹಳ ಕಡಿಮೆಯಾಗುತ್ತದೆ. ಖರ್ಚಿನ ಹಂಚಿಕೆಯನ್ನು ಎರಡೂ ಕಡೆಯ ಹಿರಿಯರು ನಿಶ್ಚಿತಾರ್ಥಕ್ಕೆ ಮೊದಲೇ ಕೂತು ಬರೆದಿಡಲಿ. ಹಿಂದೂ ವಿವಾಹ ಕಾಯ್ದೆಯ ಮದುವೆಯಾದರೆ ಲಗ್ನಪತ್ರಿಕೆ, ಧಾರೆಯ ಫೋಟೋ, ಸಾಕ್ಷಿಗಳ ವಿವರಗಳನ್ನು ನೋಂದಣಿಗಾಗಿ ಜೋಪಾನ ಮಾಡಿ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲು ನೋಟಿಸು ಕೊಡಬೇಕು, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು; ಹಾಗಾಗಿ ಅವರು ಕಾನೂನಿನ ಕೆಲಸವನ್ನು ತಮ್ಮ ಊರಿನಲ್ಲಿ ಮುಗಿಸಿ ಸಂಭ್ರಮವನ್ನಷ್ಟೇ ತೋಟಕ್ಕೆ ಒಯ್ಯುವುದು ಸರಳ.

ಮೂರನೆಯ ದಿನ ಬೆಳಗ್ಗೆ ಉತ್ಸಾಹವಿದ್ದವರು ಟಿಪ್ಪುವಿನ ಕಾಲದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹತ್ತಿ ಬರಲಿ, ಮೆಟ್ಟಿಲು ಬೇಡವೆನ್ನುವವರಿಗೆ ಬೇಲೂರಿನ ಚೆನ್ನಕೇಶವನಿದ್ದಾನೆ. ನಾಗವಲ್ಲಿಯಂಥ ಉಳಿದ ಶಾಸ್ತ್ರಗಳು ಹನ್ನೊಂದರೊಳಗೆ ಮುಗಿದು, ಊಟವಾಗಿ, ಎರಡು ಗಂಟೆಗೆ ಮೊದಲ ಬಸ್ಸು ಹೊರಡಲಿ. ತಾಂಬೂಲದ ಚೀಲ ಕೊಡುವುದು ಗಾಡಿ ಹತ್ತುವಾಗ. ವಿಮಾನಕ್ಕೆ ಹೋಗುವವರ ಚೀಲದಿಂದ ತೆಂಗಿನಕಾಯಿ ತೆಗೆದು ಅಡಿಕೆ, ಎಲೆ, ಒಂದಿಷ್ಟು ಕಾಫಿಪುಡಿ ಇಡಿ. ಬಾಡಿಗೆಯ ಕಾಟೇಜಿನ ಹೊಸ್ತಿಲ ಮೇಲೆ ಅಕ್ಕಿಸೇರು ಒದೆಸಿ ಮನೆ ತುಂಬಿಸಿಕೊಂಡೆವೆಂದು ಶಾಸ್ತ್ರ ಮುಗಿಸಬೇಡಿ. ಅದಕ್ಕೆ ವರನ ಮನೆಯ ಹೊಸ್ತಿಲೇ ಬೇಕು. ಮದುಮಕ್ಕಳ ಕಾರನ್ನು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಹೊರಡಿಸಿದರೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ತಲುಪಬಹುದು.