9 ವೋಲ್ಟ್ ಬ್ಯಾಟರಿಯಿಂದ ಒಂದು ಎಲ್‌ಇಡಿ ಉರಿಸುವ ಕ್ರಮ

ವಿದ್ಯುತ್ ಮಂಡಲವನ್ನು ಮೊದಲ ಬಾರಿಗೆ ಜೋಡಿಸುವವರು ಟಾರ್ಚ್ ಬಲ್ಬಿನ ಬದಲು ಎಲ್‌ಇಡಿಯನ್ನು ಆರಿಸಿಕೊಳ್ಳುವುದು ಮೇಲು. ತಪ್ಪಾದರೆ ಅದು ಒಡನೆಯೇ ತೋರಿಸಿಕೊಡುತ್ತದೆ. ಬೇಕಾದದ್ದು 9 ವೋಲ್ಟಿನ ಬ್ಯಾಟರಿ ಮತ್ತು ಅದರ ಕ್ಲಿಪ್, 5 ಮಿಲಿಮೀಟರಿನ ಕೆಂಪು ಎಲ್‌ಇಡಿ, ಪ್ರವಾಹವನ್ನು ಮಿತಿಯಲ್ಲಿಡುವ 470 ಓಮ್‌ನ ಕಾಲು ವ್ಯಾಟ್ ರೋಧಕ, ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆ). ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಕೇಳುವಾಗ ‘ರೆಸಿಸ್ಟರ್’ ಎನ್ನಿ. ರೋಧಕವೆಂಬ ಮಾತು ಪಠ್ಯಪುಸ್ತಕದಿಂದ ಹೊರಗೆ ಬಂದಂತಿಲ್ಲ.

470 ಓಮ್ ಏಕೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ದೊರೆತಾಗ ಬೆಳಗುತ್ತದೆ. ಅಲ್ಲಿಂದ ಮುಂದೆ ವೋಲ್ಟೇಜು ತುಸುವೇ ಏರಿದರೂ ಪ್ರವಾಹವು ಹಲವು ಪಟ್ಟು ಏರಿ ಅದನ್ನು ಸುಟ್ಟುಬಿಡುತ್ತದೆ. ಆದ್ದರಿಂದ ಬ್ಯಾಟರಿಯ 9 ವೋಲ್ಟಿನಲ್ಲಿ ಉಳಿದ 7 ವೋಲ್ಟನ್ನು ರೋಧಕವೇ ಹೊರಬೇಕು. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ನಮಗೆ 15 ಮಿಲಿಆಂಪಿಯರ್, ಅಂದರೆ 0.015 ಆಂಪಿಯರ್ ಸಾಕು. 7ನ್ನು ಅದರಿಂದ ಭಾಗಿಸಿದರೆ ಸುಮಾರು 467 ಬರುತ್ತದೆ, ಅಂಗಡಿಯಲ್ಲಿ ಸಿಗುವ ಹತ್ತಿರದ ರೋಧಕ 470 ಓಮ್‌ನದು. ಅದರ ಮೈಮೇಲಿನ ಪಟ್ಟಿಗಳು ಕ್ರಮವಾಗಿ ಹಳದಿ, ನೇರಳೆ, ಕಂದು. ರೋಧಕದಲ್ಲಿ ಶಾಖವಾಗುವ ಶಕ್ತಿ ಸುಮಾರು 0.1 ವ್ಯಾಟ್ ಮಾತ್ರವಾದ್ದರಿಂದ ಕಾಲು ವ್ಯಾಟಿನದು ಧಾರಾಳವಾಯಿತು. ಇದೇ ರೋಧಕಕ್ಕೆ ಮನೆಯ 230 ವೋಲ್ಟ್ ತಗುಲಿದರೆ ನೂರು ವ್ಯಾಟಿಗೂ ಮೀರಿದ ಶಾಖ ಹುಟ್ಟುತ್ತದೆ; ಗೋಡೆಯ ಪ್ಲಗ್ಗಿನ ಬಳಿ ಈ ಪ್ರಯೋಗ ಖಂಡಿತ ಬೇಡ.

ಬ್ಯಾಟರಿಯನ್ನು ಕೊನೆಗೆ ಜೋಡಿಸಿ. ಕ್ಲಿಪ್ಪಿನ ಕೆಂಪು ತಂತಿಯಿಂದ ರೋಧಕಕ್ಕೆ, ರೋಧಕದಿಂದ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಕಪ್ಪು ತಂತಿಗೆ ದಾರಿ ಪೂರ್ಣಗೊಳ್ಳಬೇಕು. ರೋಧಕವು ಎಲ್‌ಇಡಿಗಿಂತ ಮೊದಲೇ ಇರಬೇಕೆಂದು ಅನೇಕರು ನಂಬುತ್ತಾರೆ. ಹೀಗೆ ಒಂದರ ಹಿಂದೆ ಒಂದಾಗಿ ಬರುವ ಸರಣಿ ಜೋಡಣೆಯಲ್ಲಿ ಎಲ್ಲೆಡೆ ಒಂದೇ ಪ್ರವಾಹ ಹರಿಯುವುದರಿಂದ ಅದನ್ನು ಆಚೆ ಬದಿಗೆ ಸರಿಸಿದರೂ ಬೆಳಕು ಬದಲಾಗದು, ಸರಿಸಿಯೇ ನೋಡಿ.

ಎಲ್‌ಇಡಿ ಬೆಳಗದಿದ್ದರೆ ವೋಲ್ಟೇಜು ಅಳೆಯಬಲ್ಲ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ರೋಧಕದ ಎರಡು ತುದಿಗಳಿಗೆ ಹಿಡಿಯಿರಿ. ಸೊನ್ನೆ ತೋರಿದರೆ ಎಲ್ಲೋ ದಾರಿ ಕಡಿದಿದೆ, ಇಲ್ಲವೇ ಎಲ್‌ಇಡಿ ತಿರುಗುಮುರುಗಾಗಿದೆ, ಇಲ್ಲವೇ ಬ್ಯಾಟರಿ ಮುಗಿದಿದೆ. 9 ತೋರಿದರೆ ಎಲ್‌ಇಡಿಯ ಎರಡೂ ಕಾಲುಗಳು ಬ್ರೆಡ್‌ಬೋರ್ಡಿನ ಒಂದೇ ಸಾಲಿನಲ್ಲಿ ಕುಳಿತಿರುವ ಸಂಭವವೇ ಹೆಚ್ಚು, ಏಕೆಂದರೆ ಆ ಸಾಲಿನ 5 ರಂಧ್ರಗಳು ಒಳಗೆ ಪರಸ್ಪರ ಕೂಡಿಕೊಂಡಿರುತ್ತವೆ.

ಇನ್ನೊಂದು ಕೆಂಪು ಎಲ್‌ಇಡಿಯನ್ನು ಸರಣಿಯಲ್ಲಿ ಸೇರಿಸಿದರೆ ರೋಧಕಕ್ಕೆ 5 ವೋಲ್ಟ್ ಮಾತ್ರ ಉಳಿದು, ಪ್ರವಾಹವು 11 ಮಿಲಿಆಂಪಿಯರಿನ ಆಸುಪಾಸಿಗೆ ಇಳಿದು ಬೆಳಕು ತುಸು ಮಂಕಾಗುತ್ತದೆ. ಸಮಾಂತರವಾಗಿ ಸೇರಿಸುವುದಾದರೆ ಪ್ರತಿಯೊಂದಕ್ಕೂ ಪ್ರತ್ಯೇಕ ರೋಧಕವಿರಲಿ.